ಅಚ್ಚು, ಪಡಿಯಚ್ಚು, ಕಲ್ಲಚ್ಚು: 1854ರ ಅಂಚೆಚೀಟಿಗೆ ಯಾವುದು ಸರಿ?

ಗೆಳೆಯರೇ,

1854ರಲ್ಲಿ ಕಲ್ಕತ್ತೆಯಲ್ಲಿ ತಯಾರಾದ ಅಂಚೆಚೀಟಿಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅಚ್ಚು’ ಎಂಬ ಪದದ ಹತ್ತಿರ ಬರವಣಿಗೆ ನಿಂತಿದೆ. ನಿಮ್ಮ ಸಹಾಯ ಬೇಕು.

ಕೆಲಸ ನಡೆದದ್ದು ಹೀಗೆ. ಮೊದಲು ಚೀಟಿ ತಯಾರಿಸಲು ಹೊರಟ ಟಂಕಸಾಲೆಯಿಂದ ಬೇಕಾದಷ್ಟು ಚೀಟಿ ಹೊರಬರಲಿಲ್ಲ. ಆಗ ಸರ್ವೇ ಕಚೇರಿಯ ಕ್ಯಾಪ್ಟನ್ ಥುಯಿಲಿಯರ್ ಈ ಕೆಲಸ ವಹಿಸಿಕೊಂಡರು. ದಾಖಲೆಯಲ್ಲಿ ನುಮೆರೊದೀನ್ ಎಂದು ಹೆಸರಿರುವ ಕುಶಲಕರ್ಮಿ ತಾಮ್ರದ ತಗಡಿನ ಮೇಲೆ ವಿಕ್ಟೋರಿಯಾ ರಾಣಿಯ ಮುಖ ಕೊರೆದರು. ಆ ಒಂದೇ ಚಿತ್ರವನ್ನು ಜಿಡ್ಡಿನ ಶಾಯಿಯಲ್ಲಿ ಕಾಗದಕ್ಕೆ ಮತ್ತೆ ಮತ್ತೆ ತೆಗೆದು, ಕಲ್ಲಿನ ಮೇಲೆ ಸಾಲಾಗಿ ಇಳಿಸಿ, ಆ ಕಲ್ಲಿನಿಂದ ಹಾಳೆಗಳನ್ನು ಮುದ್ರಿಸಿದರು. ಕೊನೆಗೆ ಮಾರಾಟಕ್ಕೆ ಬಂದ ಅರ್ಧ ಆಣೆಯ ಒಂದು ಹಾಳೆಗೆ 96 ಚೀಟಿ. ಮೊದಲು ಅರ್ಧ ಆಣೆಯ ಚೀಟಿಯನ್ನು ಕೆಂಪಿನಲ್ಲಿ ತೆಗೆದಿದ್ದರು. ಇಂಗ್ಲೆಂಡಿನ ಬಣ್ಣ ಮುಗಿಯಿತು, ಇಲ್ಲಿ ಸಿಕ್ಕ ಕೆಂಪು ಬಣ್ಣ ಮುದ್ರಿಸುವ ಕಲ್ಲನ್ನೇ ಹಾಳುಮಾಡಿತು. ಹಾಗಾಗಿ ಅಕ್ಟೋಬರ್ 1ರಂದು ಮಾರಾಟಕ್ಕೆ ಬಂದದ್ದು ನೀಲಿ ಚೀಟಿ.

ಈಗ ನೋಡಿ, ಕೊರೆದ ತಗಡೂ ಅಚ್ಚು, ಕಾಗದಕ್ಕೆ ತೆಗೆದದ್ದೂ ಅಚ್ಚು, ಕೊನೆಗೆ ಹಾಳೆಯ ಮೇಲೆ ಮೂಡಿದ್ದೂ ಅಚ್ಚು! ಓದುವವರಿಗೆ ಯಾವುದು ಯಾವುದೆಂದು ತಿಳಿಯಬೇಕಲ್ವಾ? ಅರ್ಧ ಆಣೆಗೆ ಬೇರೆ ಬೇರೆ ಡೈ, ಅಂದರೆ ಕೊರೆದ ಮೂಲ ಚಿತ್ರ, ಬಳಸಿದ್ದಾರೆ. ಚೀಟಿ ಯಾವ ಡೈಯದು, ಕಲೆ ಬಿದ್ದದ್ದು ತಗಡಿನಲ್ಲೋ ಕಲ್ಲಿನಲ್ಲೋ ಎಂದು ಸಂಗ್ರಹಕಾರರು ತುಂಬಾ ತಲೆಕೆಡಿಸಿಕೊಳ್ಳುತ್ತಾರೆ.

ಸದ್ಯಕ್ಕೆ ಡೈಗೆ ‘ಮೂಲ ಅಚ್ಚು’, ನಡುವಿನ ಕಾಗದದ ಪ್ರತಿಗೆ ‘ಪಡಿಯಚ್ಚು’, ಕಲ್ಲಿನಿಂದ ಮುದ್ರಿಸುವ ಲಿಥೋಗ್ರಫಿಗೆ ‘ಕಲ್ಲಚ್ಚು’ ಎಂದು ಬರೆದುಕೊಂಡಿದ್ದೇನೆ. ಕಲ್ಲಚ್ಚಿನ ಬಗ್ಗೆ ಅನುಮಾನವಿಲ್ಲ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಬಂದದ್ದು, ಪದ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ತೊಂದರೆ ಇರುವುದು ಪಡಿಯಚ್ಚಿನಲ್ಲಿ. ‘ಥೇಟ್ ಅಪ್ಪನ ಪಡಿಯಚ್ಚು’ ಅಂದರೆ ಒಂದಿಷ್ಟೂ ವ್ಯತ್ಯಾಸವಿಲ್ಲ ಎಂದೇ ಅರ್ಥ. ಇಲ್ಲಿ ಹಾಗಲ್ಲ. ಪ್ರತಿ ಸಲ ಕಲ್ಲಿಗೆ ಇಳಿಸಿದಾಗ ಒಂದು ಗೆರೆ ಮುರಿಯುತ್ತಿತ್ತು, ಒಂದು ಚುಕ್ಕೆ ಸೇರುತ್ತಿತ್ತು. ಆ ವ್ಯತ್ಯಾಸಗಳೇ ಈ ಚೀಟಿಗಳ ಜೀವ. ಹಾಗಾಗಿ ‘ಇಳಿಪ್ರತಿ’ ಎನ್ನೋಣವೇ? ಸುಮ್ನೆ ‘ಟ್ರಾನ್ಸ್‌ಫರ್’ ಎಂದೇ ಉಳಿಸೋಣವೇ?

ಜೊತೆಗೆ ಇನ್ನೊಂದು ಪ್ರಶ್ನೆ. ಸಿಂಧ್ ಪ್ರಾಂತ್ಯದ ಅಂಚೆಗಾಗಿ ಬಂದ 1852ರ ‘ಸಿಂಧ್ ಡಾಕ್’ ಚೀಟಿಯಲ್ಲಿ ಚಿತ್ರವನ್ನು ಒತ್ತಿ ಉಬ್ಬಿಸಿದ್ದಾರೆ. ಅದಕ್ಕೆ ‘ಉಬ್ಬಚ್ಚು’ ಸರಿಹೋಗುತ್ತದೆಯೇ? ಹಳೆಯ ಪ್ರೆಸ್ಸುಗಳಲ್ಲಿ ದುಡಿದವರು, ಅಕ್ಕಸಾಲೆ ಮನೆತನದವರು ಬಳಗದಲ್ಲಿದ್ದರೆ ನೀವು ಕೆಲಸದ ಜಾಗದಲ್ಲಿ ಆಡುತ್ತಿದ್ದ ಪದವನ್ನೇ ತಿಳಿಸಿ. ನಿಘಂಟಿನದಕ್ಕಿಂತ ಅದೇ ನನಗೆ ಜಾಸ್ತಿ ಬೇಕು.