ರಕ್ತ ಬಂದು ಹೊರಗೆ ಹೋದವನು ಕೇಳದೇ ಒಳಗೆ ಬಂದರೆ ಪೆನಾಲ್ಟಿನಾ?

ಬೆಂಚ್‌ 14, ಕೆಜಿಎಫ್‌:
ಭಾನುವಾರ ರಾಬರ್ಟ್‌ಸನ್‌ಪೇಟೆಯಲ್ಲಿ ಫುಟ್‌ಬಾಲ್‌ ಮ್ಯಾಚ್‌. ಮೊಣಕಾಲು ತರಚಿ ರಕ್ತ ಬರ್ತಿದ್ದ ಎದುರು ಟೀಮಿನ ಡಿಫೆಂಡರ್‌ನ ರೆಫ್ರಿ ಹೊರಗೆ ಕಳಿಸಿದ್ರು. ಅವನು ಪಟ್ಟಿ ಕಟ್ಟಿಸ್ಕೊಂಡು, ಆಟ ನಡೀತಿರುವಾಗಲೇ ತನ್ನ ಗೋಲ್‌ ಪಕ್ಕದ ಗೆರೆ ದಾಟಿ ಬಂದು, ಬಾಕ್ಸಿನೊಳಗೆ (ಗೋಲ್‌ ಮುಂದಿನ ಪೆನಾಲ್ಟಿ ಚೌಕ) ನಮ್ಮ ಕ್ರಾಸನ್ನ, ಅಂದ್ರೆ ಪಕ್ಕದಿಂದ ಗೋಲ್‌ ಮುಂದಕ್ಕೆ ಹಾಕಿದ ಚೆಂಡನ್ನ, ಒದ್ದು ಹಾಕಿದ. ಹಳದಿ ಕಾರ್ಡು, ಇನ್‌ಡೈರೆಕ್ಟ್‌ ಫ್ರೀಕಿಕ್‌ (ನೇರ ಒದ್ದು ಗೋಲ್‌ ಹೊಡೆಯೋ ಹಾಗಿಲ್ಲದ್ದು) ಕೊಟ್ರು. ಸರೀನಾ?

ಸೀಟಿ, ಕೋಲಾರ:
ಕಾರ್ಡು ಸರಿ, ಕಿಕ್‌ ತಪ್ಪು. ಅಪ್ಪಣೆಯಿಲ್ಲದೆ ವಾಪಸ್‌ ಬಂದವನು ಆಟಕ್ಕೆ ಅಡ್ಡ ಬಂದರೆ, ಅಡ್ಡ ಬಂದ ಜಾಗದಿಂದಲೇ ಡೈರೆಕ್ಟ್‌ ಫ್ರೀಕಿಕ್‌. ಆ ಜಾಗ ಅವನದೇ ಬಾಕ್ಸ್‌ ಆದರೆ ಪೆನಾಲ್ಟಿ. ಸುಮ್ಮನೆ ಒಳಗೆ ಬಂದು ನಿಂತಿದ್ದ, ಚೆಂಡು ಮುಟ್ಟಲಿಲ್ಲ, ಯಾರಿಗೂ ಅಡ್ಡ ಬರಲಿಲ್ಲ ಅಂದ್ರೆ ಮಾತ್ರ ಇನ್‌ಡೈರೆಕ್ಟ್‌, ಅದೂ ಆಟ ನಿಲ್ಲಿಸಿದಾಗ ಚೆಂಡು ಇದ್ದ ಕಡೆಯಿಂದ. ಹಳೇ ನಿಯಮ ಓದಿದವರು ಎಲ್ಲದಕ್ಕೂ ಇನ್‌ಡೈರೆಕ್ಟ್‌ ಅಂತಾರೆ, ಎಡವೋದು ಅಲ್ಲೇ. ಆ ಕ್ರಾಸ್‌ ತಡೆದಿದ್ದರಿಂದ ಖಚಿತ ಗೋಲಿನ ಅವಕಾಶ ತಪ್ಪಿದ್ರೆ ಹಳದಿಯಲ್ಲ, ಕೆಂಪು.

ಗಾಯ ಆದವನು ವಾಪಸ್‌ ಬರೋ ಕ್ರಮ ಇದು: ಮೊದಲು ಆಟ ಮತ್ತೆ ಶುರುವಾಗಿರಬೇಕು. ಚೆಂಡು ಆಟದಲ್ಲಿದ್ರೆ ಪಕ್ಕದ ಟಚ್‌ಲೈನಿಂದ ಮಾತ್ರ, ಗೋಲ್‌ಲೈನಿಂದ ಬರೋ ಹಾಗಿಲ್ಲ. ಚೆಂಡು ಹೊರಗಿದ್ರೆ ಯಾವ ಗೆರೆಯಿಂದಾದ್ರೂ ಸರಿ. ಎರಡಕ್ಕೂ ರೆಫ್ರಿ ಸನ್ನೆ ಬೇಕು, ಲೈನ್ಸ್‌ಮನ್‌ ತಲೆಯಾಡಿಸಿದ್ರೆ ಸಾಲದು. ರಕ್ತ ನಿಂತಿರಬೇಕು, ಜೆರ್ಸಿ, ಸಾಕ್ಸ್‌ ಮೇಲೂ ಕಲೆ ಇರಬಾರದು. ಪಟ್ಟಿ ಸರಿಯಾಗಿದ್ದು ಸಾಕ್ಸಿನ ಅಂಚಲ್ಲಿ ಕೆಂಪು ಉಳಿದಿದ್ರೂ ಬದಲಾಯಿಸಿಕೊಂಡೇ ಬರಬೇಕು, ಹಾಗಾಗಿ ಬ್ಯಾಗಲ್ಲಿ ನಂಬರಿಲ್ಲದ ಒಂದು ಜೆರ್ಸಿ, ಒಂದು ಜೊತೆ ಸಾಕ್ಸ್‌ ಇಟ್ಟಿರಿ.

ಬೆಂಚ್‌ 14:
ಥ್ಯಾಂಕ್ಸ್‌ ಸರ್‌. ಗೋಲ್‌ಕೀಪರ್‌ಗೆ ಪೆಟ್ಟಾದ್ರೂ ಹೊರಗೆ ಹೋಗ್ಬೇಕಾ?

ಸೀಟಿ, ಕೋಲಾರ:
ಬೇಡ, ಅಲ್ಲೇ ನೋಡಿಸ್ಕೊಬಹುದು. ಕೀಪರ್‌ಗೂ ಬೇರೆ ಆಟಗಾರನಿಗೂ ಡಿಕ್ಕಿಯಾದ್ರೆ, ಒಂದೇ ಟೀಮಿನ ಇಬ್ಬರು ಡಿಕ್ಕಿ ಹೊಡ್ಕೊಂಡ್ರೆ, ಪೆನಾಲ್ಟಿ ಒದೆಯೋನಿಗೇ ಪೆಟ್ಟಾಗಿದ್ರೆ, ಆಗಲೂ ಅಷ್ಟೇ. ಆದ್ರೆ ರಕ್ತ ಬಂದರೆ ಈ ವಿನಾಯಿತಿ ಯಾವುದೂ ಇಲ್ಲ.

ಅರ್ಧಗೆರೆ, ಬಂಗಾರಪೇಟೆ:
ಸಬ್‌ (ಬದಲಿ ಆಟಗಾರ) ಬೇರೆ ಲೆಕ್ಕ, ಬೆರೆಸ್ಬೇಡಿ. ಹೊರಗೆ ಹೋಗೋನು ಹತ್ತಿರದ ಗೆರೆಯಿಂದ ಹೋಗ್ಲಿ, ಒಳಗೆ ಬರೋನು ಆಟ ನಿಂತಾಗ, ಮಧ್ಯಗೆರೆಯಿಂದ, ಹೊರಗೆ ಹೋಗೋನು ಗೆರೆ ದಾಟಿದ ಮೇಲೆ, ರೆಫ್ರಿ ಸನ್ನೆ ಆದಮೇಲೆ. ನಮ್ಮ ಕಡೆ ಹುಡುಗರು ಬೆಂಚಿಂದೆದ್ದು ನೇರ ಚೆಂಡು ಹಿಡ್ಕೊಂಡು ಥ್ರೋ ಎಸೆದುಬಿಡ್ತಾರೆ. ಮೊದಲು ಮೈದಾನದೊಳಗೆ ಕಾಲಿಡ್ಬೇಕು, ಆಮೇಲೆ ಗೆರೆಗೆ ಬಂದು ಎಸೀಬಹುದು.