ಪುಟ್ಟಿ, ಆ ಮೀನನ್ನು ಕೆರೆಗೆ ಮಾತ್ರ ಬಿಡಬೇಡ

ಪುಟ್ಟಿ, ದೊಡ್ಡಪ್ಪ ಮಾತಾಡುತ್ತಿರುವುದು. ಟೈಪ್ ಮಾಡೋಕೆ ಕಣ್ಣು ಕೇಳುವುದಿಲ್ಲ. ಗಂಡು ಗಪ್ಪಿ ಸತ್ತು 2 ತಿಂಗಳಾಯಿತು, ಹೆಣ್ಣಿನ ಹೊಟ್ಟೆ ಊದಿದೆ, ಬಾಲದ ಹತ್ತಿರ ಕಪ್ಪು ಕಲೆ ಬಂದಿದೆ, ಏನು ಕಾಯಿಲೆ, ಕೆರೆಗೆ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬೇಡ ಮಾರಾಯ್ತಿ. ಕೆರೆಗೆ ಮಾತ್ರ ಬಿಡಬೇಡ.

ನಮ್ಮ ಹಿತ್ತಲ ಕಲ್ಲುಬಾನಿ ನಿಮಗೆಲ್ಲ ಗೊತ್ತೇ ಇದೆಯಲ್ಲ, ಅಜ್ಜಿ ದನಕ್ಕೆ ಕಲಗಚ್ಚು ಹಾಕುತ್ತಿದ್ದದ್ದು. ಕೊಟ್ಟಿಗೆ ಖಾಲಿಯಾದ ಮೇಲೆ ಅದರಲ್ಲಿ ಮಳೆನೀರು ನಿಂತು ಬರೀ ಸೊಳ್ಳೆಮರಿ. ಯಾರೋ ಹೇಳಿದರು ಅಂತ ಹಾರ್ಲಿಕ್ಸ್ ಬಾಟಲಿಯಲ್ಲಿ 6 ಗಪ್ಪಿ ತಂದು ಬಿಟ್ಟೆ. ಸೊಳ್ಳೆಮರಿ ತಿಂದವು, ಸುಳ್ಳು ಹೇಳಬಾರದು. ಆದರೆ ಇದು ಮೊಟ್ಟೆ ಇಡುವ ಜಾತಿಯಲ್ಲ, ನೇರ ಮರಿ ಹಾಕುತ್ತದೆ. ತಿಂಗಳಿಗೊಮ್ಮೆ 20, 30. ಆ ಮರಿಗಳೂ 3-4 ತಿಂಗಳಲ್ಲಿ ಬಸುರಿ. ಮರುವರ್ಷ ಬಾನಿಗೆ ಚೊಂಬು ಅದ್ದಿದರೆ ನೀರಿಗಿಂತ ಮೀನೇ ಜಾಸ್ತಿ. ಪಾಪ, ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪುಣ್ಯ ಬರುತ್ತದೆ ಅಂದುಕೊಂಡು 2 ಬಕೆಟ್ ತೋಟದ ಕೆಳಗಿನ ಹಳ್ಳಕ್ಕೆ ಸುರಿದೆ. ಎರಡು ಮಳೆಗಾಲ ಕಳೆಯಿತು ನೋಡು, ಹುಡುಗರು ಬೈರಾಸು ಹಿಡಿದು ಗೋರಿದರೆ ಬಂದಿದ್ದೆಲ್ಲ ಗಪ್ಪಿ. ನಮ್ಮ ಹಳ್ಳದ ಮೀನಿನ ಮೊಟ್ಟೆ, ಮರಿಯನ್ನೂ ಇವು ಬಿಡುವುದಿಲ್ಲ. ತೋಟಕ್ಕೆ ಹೊಡೆದ ಔಷಧಿಯದೂ ಪಾಲಿರಬಹುದು. ಆದರೆ ಸುರಿದ ಕೈ ನನ್ನದೇ ಅಲ್ವಾ?

ಇದರ ತವರು ಟ್ರಿನಿಡಾಡ್, ವೆನೆಜುವೆಲಾ ಕಡೆಯ ತೊರೆಗಳು. ಅಲ್ಲಿ ಜಲಪಾತದ ಕೆಳಗೆ ಇವನ್ನು ನುಂಗುವ ದೊಡ್ಡ ಮೀನುಗಳಿವೆ, ಹಾಗಾಗಿ ಗಂಡುಗಳು ಮಂಕಾಗಿ, ಕಣ್ಣಿಗೆ ಬೀಳದ ಹಾಗಿರುತ್ತವೆ. ಆ ಮೀನುಗಳು ಹತ್ತಿ ಬರಲಾಗದ ಮೇಲಿನ ನೀರಿನಲ್ಲಿ ಮದುಮಗನ ಹಾಗೆ ಬಣ್ಣ. ನಮ್ಮ ಮೊಣಕಾಲುದ್ದದ ಹಳ್ಳದಲ್ಲಿ ಇವಕ್ಕೆ ಅಂಥ ಭಯ ಎಲ್ಲಿ? ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕೆರೆಗೆ ಬಿಡಬೇಡ, ಮೋರಿಗೂ ಸುರಿಯಬೇಡ.

ಆ ಬಾನಿ ಈಗ ಎಲ್ಲಿದೆ ಗೊತ್ತಾ? ಪಾಲಿನ ದಿನ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ‘ಅದಕ್ಕೇನಂತೆ ಅಣ್ಣಾ, ತಗೊಂಡು ಹೋಗು’ ಅಂದ ನಿಮ್ಮಪ್ಪ, ಮಣ್ಣು ತುಂಬಿಸಿ ಗೇಟಿನ ಹತ್ತಿರ ಕ್ರೋಟನ್ ನೆಟ್ಟಿದ್ದಾನೆ. ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ದಿನಾ ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾನೆ, ಬಾನಿ ವಿಷಯ ಎತ್ತುವುದಿಲ್ಲ.

ಹಾಂ, ನಿನ್ನ ಮೀನು. ಅದು ಬಸುರಿ ಕಣೇ. ಗಂಡಿನ ಬೀಜವನ್ನು ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತದೆ, ಗಂಡಿಲ್ಲದಿದ್ದರೂ ಮರಿ ಹಾಕುತ್ತದೆ. ಹೆರುವ ದಿನ ಹತ್ತಿರ ಬಂದ ಹಾಗೆ ಆ ಕಲೆ ಕಪ್ಪಾಗುತ್ತದೆ. ಮೇಲಿಂದ ನೋಡು, ಮೈಮೇಲಿನ ಹುರುಪೆ ಎದ್ದು ನಿಂತಿದ್ದರೆ ಕಾಯಿಲೆ. ಸುಮ್ನೆ ಔಷಧಿ ಹಾಕಬೇಡ. ನೀರಿನ ಗಿಡ ಒಂದು ಹಿಡಿ ಒತ್ತಾಗಿ ಬಿಡು, ಮರಿ ಅಡಗೋಕೆ. ಇಲ್ಲದಿದ್ದರೆ ಹೆತ್ತ ತಾಯಿಯೇ ತಿಂದು ಮುಗಿಸುತ್ತದೆ. ಹೆತ್ತ ತಕ್ಷಣ ತಾಯಿಯನ್ನು ಬೇರೆ ಪಾತ್ರೆಗೆ ಹಾಕು. ಮರಿ ಜಾಸ್ತಿಯಾದರೆ ತಂದ ಅಂಗಡಿಗೇ ವಾಪಸ್ ಕೊಡು.

ಎರಡು ಮಾತ್ರ ನನಗೆ ಇಟ್ಟಿರು. ನಿಮ್ಮಪ್ಪ ಆ ಕ್ರೋಟನ್ ಕಿತ್ತರೆ ಬಾನಿಗೇ ಬಿಡುತ್ತೇನೆ.