ಇಲಾಖೆಗೊಬ್ಬ ಸ್ವಂತ ವಕೀಲರು ಬೇಕೇ?

ಟಪ್ಪಾಲು:
ಸರ್ಕಾರದ ಕೇಸುಗಳನ್ನು ಹೈಕೋರ್ಟಲ್ಲಿ ಅಡ್ವೊಕೇಟ್ ಜನರಲ್ ಕಚೇರಿಯವರು, ಜಿಲ್ಲೆಗಳಲ್ಲಿ ಜಿಲ್ಲಾ ಸರ್ಕಾರಿ ವಕೀಲರು ನಡೆಸುತ್ತಾರೆ. ಒಬ್ಬರ ಕೈಯಲ್ಲೇ ಕಂದಾಯ, ಶಿಕ್ಷಣ, ಅಬಕಾರಿ ಎಲ್ಲ. ನಿಗಮ, ಮಂಡಳಿಗಳು ತಮ್ಮದೇ ಪ್ಯಾನೆಲ್ (ತಾವೇ ಆರಿಸಿದ ಪಟ್ಟಿಯ) ವಕೀಲರನ್ನು ಇಟ್ಟುಕೊಂಡಿವೆಯಲ್ಲ, ಇಲಾಖೆಗಳಿಗೆ ಯಾಕೆ ಬೇಡ?

ಕರಿಕೋಟು:
ನಿಗಮ ತನ್ನ ಹೆಸರಲ್ಲೇ ದಾವೆ ಹೂಡುತ್ತೆ. ಇಲಾಖೆಗೆ ಆ ಅಸ್ತಿತ್ವವೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 79ನೇ ಕಲಂ ಪ್ರಕಾರ ದಾವೆಯಲ್ಲಿರುವುದು ‘ಕರ್ನಾಟಕ ರಾಜ್ಯ’. ಒಂದೇ ಸರ್ವೆ ನಂಬರನ್ನು ಕಂದಾಯ ಇಲಾಖೆ ಬಗರ್ ಹುಕುಂನಲ್ಲಿ (ಅನುಮತಿಯಿಲ್ಲದೆ ಸಾಗುವಳಿ ಮಾಡಿದವರಿಗೆ ಸಕ್ರಮ ಮಾಡಿಕೊಡುವುದು) ಮಂಜೂರು ಮಾಡಿರುತ್ತೆ, ಅರಣ್ಯ ಇಲಾಖೆ ಅದನ್ನೇ ಕಾಡು ಅನ್ನುತ್ತೆ. ಇಬ್ಬರಿಗೂ ಬೇರೆ ಬೇರೆ ವಕೀಲರಿದ್ದರೆ ಕೋರ್ಟಿನಲ್ಲಿ ಸರ್ಕಾರದ ಎದುರು ಸರ್ಕಾರವೇ ನಿಲ್ಲುತ್ತೆ. ಎದುರು ಪಕ್ಷದವರಿಗೆ ಹಬ್ಬ.

ಇನ್ನೊಂದು, ಇಲಾಖೆಯೇ ವಕೀಲರನ್ನು ಸಂಬಳಕ್ಕೆ ಇಟ್ಟುಕೊಳ್ಳೋಣ ಅಂದರೆ, ಬಾರ್ ಕೌನ್ಸಿಲ್ (ವಕೀಲರ ನಿಯಂತ್ರಣ ಸಂಸ್ಥೆ) ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿ ನಡೆಸುವಂತಿಲ್ಲ. ಕೋರ್ಟಿನಲ್ಲಿ ವಾದಿಸುವುದೇ ಮುಖ್ಯ ಕೆಲಸವಾದರೆ ಅಡ್ಡಿಯಿಲ್ಲ ಅಂತ ದೀಪಕ್ ಅಗರ್ವಾಲ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿದೆ, ಪ್ರಾಸಿಕ್ಯೂಟರ್‌ಗಳು ಉಳಿದುಕೊಂಡಿದ್ದು ಹಾಗೆ. ಮುಖ್ಯವಾಗಿ ಕಡತ ನೋಡಿಕೊಂಡು ಆಗೊಮ್ಮೆ ಈಗೊಮ್ಮೆ ಕೋರ್ಟಿಗೆ ಹೋಗುವವರ ಸನದಿಗೇ (ವಕೀಲಿ ಪರವಾನಗಿಗೇ) ಕುತ್ತು.

ವಿಷಯನಿರ್ವಾಹಕ:
ಕೇಸು ಸೋಲುವುದು ವಕೀಲರಿಂದ ಅಲ್ಲ, ಬಹುಪಾಲು ಕಡತದಿಂದ. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ಕೋರ್ಟಿನಲ್ಲಿ ಕೊಡುವ ಉತ್ತರಕ್ಕೆ, ಇರುವುದು 30 ದಿನ, ಹೆಚ್ಚೆಂದರೆ 90. ದಾವಾ ಪ್ರತಿ ಸಚಿವಾಲಯದಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಸೀಲ್ದಾರರಿಗೆ ‘ಅಗತ್ಯ ಕ್ರಮಕ್ಕಾಗಿ’ ಅಂತ ಇಳಿಯುವುದರಲ್ಲೇ ಅರ್ಧ ಮುಗಿದಿರುತ್ತೆ. ಕೆಳಗಿನಿಂದ ವಾಪಸ್ ಬರುವ ಪ್ಯಾರಾವಾರು ಟಿಪ್ಪಣಿಯಲ್ಲಿ (ದಾವೆಯ ಒಂದೊಂದು ಪ್ಯಾರಾಗೂ ಇಲಾಖೆಯ ಉತ್ತರ) ‘ಪ್ಯಾರಾ 4: ಸತ್ಯಕ್ಕೆ ದೂರವಾದದ್ದು’ ಅಂತಿಷ್ಟೇ. ಸಾಗುವಳಿ ಚೀಟಿ, ಮಂಜೂರಾತಿ ವಹಿಯ ನಕಲು, ಒಂದೂ ಜೊತೆಗಿಲ್ಲ. ಅದನ್ನು ಹಿಡಿದು ಎಂಥ ವಕೀಲರಾದರೂ ಏನು ವಾದಿಸಬೇಕು?

ಮೇಲ್ಮನವಿಯದ್ದೂ ಅದೇ ಕಥೆ. ಹೈಕೋರ್ಟಿನ ಏಕಸದಸ್ಯ ಪೀಠದ ತೀರ್ಪಿನ ಮೇಲೆ ರಿಟ್ ಅಪೀಲಿಗೆ (ಅದೇ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗುವ ಮೇಲ್ಮನವಿ) 30 ದಿನ. ತೀರ್ಪು ಬಂದ ದಿನವೇ ಪ್ರಮಾಣಿತ ಪ್ರತಿಗೆ ಅರ್ಜಿ ಹಾಕಬೇಕು. ಪ್ರತಿ ತಯಾರಾಗಲು ಹಿಡಿದ ದಿನಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಅರ್ಜಿ ಹಾಕದೆ ಕಳೆದ ದಿನಗಳಿಗೆ ವಿನಾಯಿತಿ ಇಲ್ಲ. ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಹೋದಾಗ (ಭೇರುಲಾಲ್ ಪ್ರಕರಣ, 2020) ಸುಪ್ರೀಂ ಕೋರ್ಟ್ ಅರ್ಜಿ ವಜಾ ಮಾಡಿ 25,000 ರೂಪಾಯಿ ದಂಡ ಹಾಕಿತು, ಅದನ್ನು ಹೊಣೆಗಾರ ಅಧಿಕಾರಿಗಳಿಂದ ವಸೂಲಿ ಮಾಡಿ ಅಂತಲೂ ಹೇಳಿತು.

ನೇಮಿಸುವುದಾದರೆ ಕೋರ್ಟಿಗೆ ಹೋಗದ, ಕಚೇರಿಯಲ್ಲೇ ಕೂರುವ ಕಾನೂನು ಅಧಿಕಾರಿಯನ್ನು ನೇಮಿಸಲಿ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಅದೇ ಸಂಹಿತೆಯ 80ನೇ ಕಲಂ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕಲ್ಲ, ಆ ಅವಧಿ ಇರುವುದೇ ತಕರಾರು ಅಲ್ಲೇ ಬಗೆಹರಿಯಲಿ ಅಂತ. ಈಗ ನೋಟಿಸಿಗೆ ಸ್ವೀಕೃತಿ ಮೊಹರು ಬೀಳುತ್ತೆ, ಉತ್ತರ ಹೋಗೋದು ಅಪರೂಪ.

ಟಪ್ಪಾಲು:
ಕಡತ ಸರಿಯಾಗಿದ್ದೂ ಸರ್ಕಾರಿ ವಕೀಲರೇ ಓದದೆ ಬಂದರೆ?

ಕರಿಕೋಟು:
ಅದು ನೇಮಕಾತಿಯ ರೋಗ. ವಕೀಲರ ಆಯ್ಕೆ ಅರ್ಹತೆ ನೋಡಿ ಪಾರದರ್ಶಕವಾಗಿ ನಡೆಯಬೇಕು ಅಂತ ಪಂಜಾಬ್ ರಾಜ್ಯ ವಿರುದ್ಧ ಬ್ರಿಜೇಶ್ವರ್ ಸಿಂಗ್ ಚಾಹಲ್ ತೀರ್ಪಿನಲ್ಲೇ (2016) ಇದೆ. ಇಲಾಖೆಗೊಂದು ಪ್ಯಾನೆಲ್ ಮಾಡಿದರೆ ಶಿಫಾರಸು ಪತ್ರಗಳಿಗೆ ಇನ್ನಷ್ಟು ವಿಳಾಸ ಸಿಗುತ್ತೆ, ಅಷ್ಟೇ. ಅದರ ಬದಲು ಭೂಸ್ವಾಧೀನ, ತೆರಿಗೆ, ಸೇವಾ ವಿಷಯ ಹೀಗೆ ವಿಂಗಡಿಸಿ, ಅಡ್ವೊಕೇಟ್ ಜನರಲ್ ಕಚೇರಿಯ ಒಬ್ಬೊಬ್ಬರಿಗೆ ಒಂದೊಂದನ್ನು ಎರಡು ಮೂರು ವರ್ಷ ಖಾಯಂ ಆಗಿ ಹಂಚುವುದು ಸುಲಭ. ಹೊಸ ಹುದ್ದೆ ಬೇಕಿಲ್ಲ, ಆರ್ಥಿಕ ಇಲಾಖೆಗೆ ಕಡತ ಕಳಿಸುವ ಗೋಜೂ ಇಲ್ಲ.